ಪೇಟ ಸುತ್ತಿದ ಮೇಲೆ ಮುಂದೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಡ ಮುಸ್ಲಿಂ ಮನೆಯವರು ಮಗನನ್ನು ದೂರದ ವಸತಿ ಮದ್ರಸಕ್ಕೆ ಸೇರಿಸುವುದಕ್ಕೆ ಎರಡು ಕಾರಣಗಳಿರುತ್ತವೆ. ಒಂದು, ದೀನಿನ ಮೇಲಿನ ಪ್ರೀತಿ. ಇನ್ನೊಂದು, ಅಲ್ಲಿ ಊಟ, ವಸತಿ, ಪುಸ್ತಕ ಎಲ್ಲವೂ ಪುಕ್ಕಟೆ. ಎರಡನ್ನೂ ನಾವು ಗೌರವಿಸುತ್ತೇವೆ. ನಮ್ಮ ತಕರಾರು ಇರುವುದು ಏಳೆಂಟು ವರ್ಷಗಳ ನಂತರ, ದಸ್ತಾರ್‌ಬಂದಿ ಮುಗಿಸಿದ ಹುಡುಗ ತಲೆಗೆ ಪೇಟ ಸುತ್ತಿ, ಸನದು ಹಿಡಿದು ಊರಿಗೆ ಮರಳುವ ದಿನದ ಬಗ್ಗೆ.

ಅವನು ಅರಬಿ ವ್ಯಾಕರಣ ಬಲ್ಲ, ಹದೀಸ್ ಬಲ್ಲ. ಆದರೆ ಎಸ್ಸೆಸ್ಸೆಲ್ಸಿ ಆಗಿರದಿದ್ದರೆ ಅವನ ಪಾಲಿಗೆ ಮಸೀದಿಯ ಬಾಗಿಲೊಂದೇ ತೆರೆದಿರುತ್ತದೆ. 371(ಜೆ) ವಿಧಿಯಡಿ ನಮ್ಮ ಭಾಗಕ್ಕೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಬಂತು. ಅದಕ್ಕಾಗಿಯೇ ಹೋರಾಡಿದ ಹರಪನಹಳ್ಳಿ 2018ರಲ್ಲಿ ದಾವಣಗೆರೆ ಬಿಟ್ಟು ಬಳ್ಳಾರಿ ಜಿಲ್ಲೆಗೆ ಮರಳಿತು. 2021ರಿಂದ ಈ ಊರುಗಳೆಲ್ಲ ವಿಜಯನಗರ ಜಿಲ್ಲೆಯಲ್ಲಿವೆ. ಇಷ್ಟೆಲ್ಲ ಆದರೂ ಅಂಕಪಟ್ಟಿ ಇಲ್ಲದವನಿಗೆ ಆ ಮೀಸಲಾತಿಯಿಂದ ಏನು ಪ್ರಯೋಜನ?

'ಮುಸ್ಲಿಮರು ಹಿಂದುಳಿಯಲು ಮದ್ರಸಗಳೇ ಕಾರಣ' ಎನ್ನುವವರಿಗೆ 2006ರ ಸಾಚಾರ್ ವರದಿ ಉತ್ತರ ಕೊಟ್ಟಿದೆ. ಮದ್ರಸದಲ್ಲಿ ಓದುವವರು ಸಮುದಾಯದ ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಮೂರು ನಾಲ್ಕು ಮಾತ್ರ. ಉಳಿದವರ ಪಾಡಿಗೆ ಸರ್ಕಾರಿ ಶಾಲೆಗಳು ಉತ್ತರಿಸಲಿ. ಆದರೆ ಈ ಅಂಕಿಯನ್ನೇ ಗುರಾಣಿ ಮಾಡಿಕೊಂಡು ಮದ್ರಸದ ಆಡಳಿತ ಸಮಿತಿಗಳು ಕೈಕಟ್ಟಿ ಕೂರುವುದನ್ನು ನಾವು ಒಪ್ಪುವುದಿಲ್ಲ. ಆ ಮೂರು ನಾಲ್ಕು ಮಕ್ಕಳೂ ನಮ್ಮವರೇ.

ಪಠ್ಯಕ್ಕೆ ಕೈ ಹಚ್ಚಿದರೆ ದೀನು ಕೆಡುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ದರ್ಸೆ ನಿಝಾಮಿ ಆಕಾಶದಿಂದ ಇಳಿದದ್ದಲ್ಲ. 18ನೇ ಶತಮಾನದಲ್ಲಿ ಲಖನೌದ ಮುಲ್ಲಾ ನಿಝಾಮುದ್ದೀನರು ರೂಪಿಸಿದ್ದು. ಅದರಲ್ಲಿ ತರ್ಕ, ತತ್ವಶಾಸ್ತ್ರ, ಗಣಿತ ಇದ್ದವು. ಅದನ್ನು ಓದಿದವರು ಆ ಕಾಲದ ನ್ಯಾಯಾಲಯ, ಕಚೇರಿಗಳಲ್ಲೂ ಕೆಲಸಕ್ಕೆ ಸೇರುತ್ತಿದ್ದರು. ಅದಕ್ಕೂ ಮೊದಲು, 1472ರಲ್ಲಿ, ನಮ್ಮ ಬೀದರಿನಲ್ಲೇ ಮಹಮೂದ್ ಗವಾನ್ ಮದ್ರಸ ಕಟ್ಟಿಸಿದ. ಗುರುಗಳೂ ವಿದ್ಯಾರ್ಥಿಗಳೂ ಅಲ್ಲೇ ಉಳಿದು ಧರ್ಮಶಾಸ್ತ್ರದ ಜೊತೆ ಗಣಿತ, ಖಗೋಳ ಕಲಿತರು. ಹಿರಿಯರ ಪುಸ್ತಕ ಉಳಿಸಿಕೊಂಡು ಅವರ ಉದ್ದೇಶ ಕೈಬಿಡುವುದು ಯಾವ ಗೌರವ?

ಅದೇ ಬೀದರಿನಲ್ಲಿ ಇಂದು ಶಾಹೀನ್ ಸಂಸ್ಥೆ ಹಾಫಿಝ್ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ ಕಲಿಸಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕೂರಿಸುತ್ತಿದೆ. ಕುರ್‌ಆನ್ ಕಂಠಪಾಠ ಮಾಡಿದ ತಲೆಗೆ ಜೀವಶಾಸ್ತ್ರ ಭಾರವಾಗಲಿಲ್ಲ.

ಜಾಮಿಯಾ ಎಂದರೆ ವಿಶ್ವವಿದ್ಯಾಲಯ. ಬೋರ್ಡು ಬರೆಸಿದ ಮಾತ್ರಕ್ಕೆ ಪದವಿಗೆ ಮಾನ್ಯತೆ ಬರುವುದಿಲ್ಲ. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮದ್ರಸ ಕಾಯ್ದೆಯನ್ನು ಎತ್ತಿಹಿಡಿಯಿತು; ಆದರೆ ಕಾಮಿಲ್, ಫಾಝಿಲ್ ಪದವಿ ಕೊಡುವ ಅಧಿಕಾರ ಯುಜಿಸಿ ಕಾನೂನಿಗೆ ವಿರುದ್ಧವೆಂದಿತು. ಇನ್ನೂ ಯಾವ ಎಚ್ಚರಿಕೆ ಬೇಕು?

ದಾರಿ ಕಷ್ಟದ್ದೇನಲ್ಲ. ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿ ಪಾಸಾಗಲು ಐದು ವಿಷಯ ಸಾಕು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಉರ್ದು, ಅರಬಿ ಮೂರೂ ಇವೆ. ಹೈದರಾಬಾದಿನ ಮೌಲಾನಾ ಆಝಾದ್ ಉರ್ದು ವಿಶ್ವವಿದ್ಯಾಲಯ ಹಲವು ಮದ್ರಸಗಳ ಸನದನ್ನು ಪ್ರವೇಶಕ್ಕೆ ಮಾನ್ಯ ಮಾಡುತ್ತದೆ. ದಿನಕ್ಕೆ ಎರಡು ತಾಸು ಬಿಟ್ಟುಕೊಟ್ಟರೆ ಹದೀಸಿನ ಪಾಠ ನಿಂತುಹೋಗುವುದಿಲ್ಲ.

ಕನ್ನಡದ ಮಾತನ್ನು ಒತ್ತಿ ಹೇಳುತ್ತೇವೆ. 2025ರ ಜೂನ್‌ನಲ್ಲಿ ಉಮೀದ್ ಪೋರ್ಟಲ್ ಬಂದು, ವಕ್ಫ್ ಆಸ್ತಿಗಳ ವಿವರ ಆರು ತಿಂಗಳಲ್ಲಿ ತುಂಬಬೇಕಾಯಿತು. ಖಬರಸ್ಥಾನದ ಪಹಣಿ ಇರುವುದು ಕನ್ನಡದಲ್ಲಿ. ಅದನ್ನು ಓದಬಲ್ಲ ಆಲಿಮ್ ಪ್ರತಿ ಮಸೀದಿಯಲ್ಲಿದ್ದಿದ್ದರೆ ಮುತವಲ್ಲಿಗಳು ಕಂಡವರ ಮುಂದೆ ಕಾಗದ ಹಿಡಿದು ನಿಲ್ಲಬೇಕಿತ್ತೇ? ಕೊಟ್ಟೂರಿನ ತೇರಿಗೆ ಬಂದ ನೆರೆಯವನು ಇಸ್ಲಾಮ್ ಎಂದರೇನು ಎಂದು ಕೇಳಿದರೆ ಅವನ ಭಾಷೆಯಲ್ಲೇ ತಾನೇ ಉತ್ತರ ಹೇಳಬೇಕು?

ರಮಝಾನಿನಲ್ಲಿ ಝಕಾತ್ ರಸೀದಿ ಹಿಡಿದು ಬರುವ ಸಫೀರರನ್ನು ನಮ್ಮ ಐದೂ ಊರುಗಳ ದಾನಿಗಳು ಬರಿಗೈಲಿ ಕಳಿಸುವುದು ಬೇಡ. ಆದರೆ ಒಂದು ಪ್ರಶ್ನೆ ಕೇಳಲಿ: ನಿಮ್ಮಲ್ಲಿ ಈ ವರ್ಷ ಎಷ್ಟು ಮಕ್ಕಳು ಹತ್ತನೇ ತರಗತಿ ಪಾಸಾದರು? ಲೆಕ್ಕ ಕೇಳುವ ಹಕ್ಕು ದಾನಿಗಿದೆ, ಉತ್ತರ ಪಡೆಯುವ ಹಕ್ಕು ಆ ಮಕ್ಕಳ ತಾಯಂದಿರಿಗೂ ಇದೆ.