ಗೋಡೆಯ ಮೇಲಿನ ಫಲಿತಾಂಶ



ಪರೀಕ್ಷೆಗಳು ಮುಗಿದು ಫಲಿತಾಂಶಗಳು ಪ್ರಕಟವಾಗುವ ದಿನಗಳಿವು. ಹೆಚ್ಚು ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದ ಹೆತ್ತವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, 'ನಿಮ್ಮ ಮಗನಿಗೆ ಎಷ್ಟು ಬಂತು?' ಎಂಬುದೇ. ಕಷ್ಟಪಟ್ಟು ಓದಿ ಉತ್ತೀರ್ಣರಾದ ಎಲ್ಲ ಮಕ್ಕಳನ್ನೂ ಈ ಅಂಕಣವು ಮನಸಾರೆ ಅಭಿನಂದಿಸುತ್ತದೆ. ಆದರೆ ವರ್ಷದ ಕೊನೆಯಲ್ಲಿ ಇನ್ನೊಂದು ಬಗೆಯ ಫಲಿತಾಂಶವೂ ಪ್ರಕಟವಾಗುತ್ತದೆ. ಅದು ಅಂಕಪಟ್ಟಿಯಲ್ಲಿ ಅಲ್ಲ, ಗೋಡೆಯ ಮೇಲೆ. ಚಿತ್ರಕಲೆ, ಶಿಲ್ಪಕಲೆ, ಛಾಯಾಗ್ರಹಣಗಳನ್ನು ಕಲಿಯುವ ವಿದ್ಯಾರ್ಥಿಗಳು ತಮ್ಮ ಕೃತಿಗಳನ್ನು ಕಾಲೇಜಿನ ಗೋಡೆಗಳಿಗೆ ತೂಗುಹಾಕಿ, 'ಇದು ನಾನು ಕಲಿತದ್ದು' ಎಂದು ಪಕ್ಕದಲ್ಲಿ ನಿಂತಿರುತ್ತಾರೆ. ಅದನ್ನು ನೋಡಲು ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ?

ಇಂಥದೊಂದು ಪ್ರದರ್ಶನಕ್ಕೆ ಇತ್ತೀಚೆಗೆ ನಾನು ಹೋಗಿದ್ದೆ. ಕನಕಪುರದ ಕಡೆಯ ರೇಷ್ಮೆ ಬೆಳೆಗಾರರ ಕುಟುಂಬದ ಹೆಣ್ಣುಮಗಳೊಬ್ಬಳು ಛಾಯಾಗ್ರಹಣ ವಿಭಾಗದಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಆಕೆಯ ತಂದೆತಾಯಿ ಬರಲು ಹಿಂಜರಿಯುತ್ತಿದ್ದರು. 'ಅಲ್ಲಿ ನಮಗೇನು ತಿಳೀತದೆ ಸ್ವಾಮೇರೆ?' ಎಂದರು. ನಾನೇ ಜೊತೆಯಾಗಿ ಕರೆದುಕೊಂಡು ಹೋದೆ. ಮಗಳು ತೂಗುಹಾಕಿದ್ದ ಹನ್ನೆರಡು ಛಾಯಾಚಿತ್ರಗಳೂ ಅವರ ಮನೆಯ ಒಂದು ರೇಷ್ಮೆ ಬೆಳೆಯ ಚಿತ್ರಗಳೇ ಆಗಿದ್ದವು. ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ತಾಯಿಯ ಕೈಗಳು, ನಡುರಾತ್ರಿಯಲ್ಲಿ ಒಂದೇ ದೀಪ ಉರಿಯುತ್ತಿರುವ ಹುಳುಮನೆ, ಚಂದ್ರಿಕೆಯ ಮೇಲೆ ಹಣ್ಣಾದ ಹುಳು, ಬಿಡಿಸಿದ ಗೂಡಿನ ರಾಶಿ. ಕೊನೆಯ ಚಿತ್ರದಲ್ಲಿ ತಂದೆ ಖಾಲಿ ಚೀಲದ ಮೇಲೆ ತಲೆಬಾಗಿಸಿ ಕುಳಿತಿದ್ದರು. ಅದು ಗೂಡಿನ ಬೆಲೆ ಕುಸಿದ ದಿನ.

ಆ ತಂದೆ ಬಹಳ ಹೊತ್ತು ಅದರ ಮುಂದೆ ನಿಂತರು. 'ಯಾವಾಗ ತೆಗ್ದೆ ಕಣವ್ವಾ ಇದ್ನ?' ಎಂದು ಕೇಳಿದರು. 'ಹೋದ ವರ್ಷ ಅಪ್ಪಾ, ನೀವು ಮಾರ್ಕೆಟ್ಟಿಂದ ಬಂದ ದಿನ' ಎಂದಳು ಮಗಳು. ಆ ದಿನ ತಮ್ಮ ಮುಖವನ್ನು ಯಾರೂ ನೋಡಲಿಲ್ಲವೆಂದೇ ಅವರು ತಿಳಿದಿದ್ದರು. ಮಗಳು ನೋಡಿದ್ದಳು. ಅವರು ಮತ್ತೇನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

ಕಲಾಶಿಕ್ಷಣವೆಂದರೆ ಓದಲಾಗದವರು ಕಾಲ ಕಳೆಯುವ ದಾರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸತ್ಯಕ್ಕೆ ದೂರವಾದ ಮಾತು. ಪಿಯುಸಿಯ ನಂತರ ದೃಶ್ಯಕಲಾ ಪದವಿಗೆ ನಾಲ್ಕು ವರ್ಷಗಳ ವ್ಯಾಸಂಗ ಮಾಡಬೇಕು. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಲ್ಲಿ ಬೆಳೆದ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಲಿ, 1960ರಲ್ಲಿ ಆರಂಭವಾದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜಾಗಲಿ ನಮ್ಮ ಸೀಮೆಯಿಂದ ದೂರವಿಲ್ಲ. ಅಲ್ಲಿ ಕಲಿಯುವವರು ಒಂದೇ ಕೈಯನ್ನು ನೂರು ಸಲ ಬರೆಯಬೇಕು, ಜೇಡಿಮಣ್ಣನ್ನು ಹದಮಾಡಿ ಕಟ್ಟಿ, ಕೆಡವಿ ಮತ್ತೆ ಕಟ್ಟಬೇಕು. ಬೆಳಕು ಯಾವ ಗಳಿಗೆಯಲ್ಲಿ ಯಾವ ಕಡೆಯಿಂದ ಬೀಳುತ್ತದೆಂದು ಕಾದು ಕುಳಿತು ಅರಿಯಬೇಕು. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಜ್ವರಗಳನ್ನು ದಾಟಬೇಕೆಂಬುದು ನಮ್ಮ ರೈತರಿಗೆ ತಿಳಿದ ವಿಷಯ. ಜ್ವರದಲ್ಲಿರುವ ಹುಳು ಸೊಪ್ಪು ತಿನ್ನದು, ಅಲುಗಾಡದು. ಅನುಭವವಿಲ್ಲದವನು ಅದು ಸತ್ತೇಹೋಯಿತೆಂದು ಭಾವಿಸಿಯಾನು. ಆದರೆ ಒಳಗೆ ಅದು ಹಳೆಯ ಚರ್ಮವನ್ನು ಕಳಚುತ್ತಿರುತ್ತದೆ. ಕಲಾವಿದ್ಯಾರ್ಥಿಯ ನಾಲ್ಕು ವರ್ಷಗಳೂ ಹೀಗೆಯೇ. ಹೊರಗಿನಿಂದ ನೋಡುವವರಿಗೆ ಆತ ಸುಮ್ಮನೆ ಕುಳಿತಂತೆ ಕಾಣಬಹುದು.

ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಜಾಡಿನಲ್ಲಿ ನಡೆದು, ಕಲೆಯನ್ನು ಬುದ್ಧಿಯ ಸದ್ಗುಣಗಳಲ್ಲಿ ಒಂದಾಗಿ ಎಣಿಸಿದರು. ಮಾಡಬೇಕಾದ ವಸ್ತುವನ್ನು ಹೇಗೆ ಮಾಡಬೇಕೋ ಹಾಗೆ ಮಾಡುವ ವಿವೇಕವೇ ಕಲೆ ಎಂಬುದು ಅವರ ವಿಚಾರ. ಸೌಂದರ್ಯಕ್ಕೆ ಅವರು ಹೇಳಿದ ಲಕ್ಷಣಗಳು ಮೂರು: ಪೂರ್ಣತೆ, ಹೊಂದಾಣಿಕೆ ಮತ್ತು ಕಾಂತಿ. ಸೆಮಿನರಿಯ ದಿನಗಳಲ್ಲಿ ಇದನ್ನು ಬಾಯಿಪಾಠ ಮಾಡಿದ್ದ ನನಗೆ ಇದರ ಅರ್ಥ ನಿಜವಾಗಿ ಹೊಳೆದದ್ದು ಚನ್ನಪಟ್ಟಣದ ಒಬ್ಬ ಕುಶಲಕರ್ಮಿಯ ಪಕ್ಕದಲ್ಲಿ ಕುಳಿತಾಗ. ತಿರುಗುವ ಆಲೆಮರದ ತುಂಡಿಗೆ ಆತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜುವ ಶಾಖಕ್ಕೆ ಅರಗು ಕರಗಿ ಮರವನ್ನು ಸಮನಾಗಿ ಆವರಿಸುತ್ತದೆ. ಬಳಿಕ ಒಣಗರಿಯನ್ನು ಒತ್ತಿದರೆ ಹೊಳಪು ಮೂಡುತ್ತದೆ. ಹೆಚ್ಚು ಒತ್ತಿದರೆ ಕೆಟ್ಟಿತು, ಕಡಿಮೆ ಒತ್ತಿದರೆ ಹತ್ತದು. ಪೂರ್ಣತೆ, ಹೊಂದಾಣಿಕೆ, ಕಾಂತಿ ಮೂರೂ ಅಲ್ಲಿ ಆತನ ಬೆರಳ ತುದಿಯಲ್ಲಿದ್ದವು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಆ ಬೊಂಬೆಗಳ ಊರಿನ ಮಕ್ಕಳಿಗೆ ಕಲೆ ಹೊರಗಿನಿಂದ ಬಂದ ವಿಲಾಸವಲ್ಲ.

ಪವಿತ್ರ ಬೈಬಲ್ಲಿನ ವಿಮೋಚನಕಾಂಡವನ್ನು ತೆರೆದು ನೋಡಿ. ಗುಡಾರವನ್ನು ನಿರ್ಮಿಸಲು ದೇವರು ಹೆಸರು ಹಿಡಿದು ಕರೆದದ್ದು ಬೆಚಲೇಲನೆಂಬ ಕುಶಲಕರ್ಮಿಯನ್ನು. ದೇವರು ತಮ್ಮ ಆತ್ಮವನ್ನು ತುಂಬಿದ್ದು ಆತ ಪ್ರವಾದನೆ ನುಡಿಯಲೆಂದಲ್ಲ. ಚಿನ್ನ, ಬೆಳ್ಳಿ, ಕಂಚು, ಕಲ್ಲು ಮತ್ತು ಮರದಲ್ಲಿ ಚೆನ್ನಾಗಿ ಕೆಲಸ ಮಾಡಲೆಂದು. ಕೈಕೆಲಸವನ್ನು ಕೀಳಾಗಿ ಕಾಣುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ನಮ್ಮ ಸೀಮೆಯನ್ನು ಜಗತ್ತು ಇದುವರೆಗೆ ನೋಡಿರುವುದು ಬಹುಮಟ್ಟಿಗೆ ಪರಸ್ಥಳದವರ ಕಣ್ಣಿನಿಂದ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ ರಾಮನಗರದ ಬಂಡೆಗಳು ದೇಶಕ್ಕೆಲ್ಲ ಪರಿಚಯವಾದವು; ಆದರೆ ರಾಮಗಢವೆಂಬ ಬೇರೊಂದು ಹೆಸರಿನಲ್ಲಿ. ಡೇವಿಡ್ ಲೀನ್ ಅವರ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಲ್ಲಿ ಮಾಗಡಿಯ ಸಾವನದುರ್ಗ ಬಿಹಾರದ ಬೆಟ್ಟವಾಗಿ ಕಾಣಿಸಿಕೊಂಡಿತು. ಹೊರಗಿನವರಿಗೆ ಈ ಬಂಡೆಗಳು ಒಂದು ಹಿನ್ನೆಲೆ ಮಾತ್ರ. ಅವುಗಳ ಬುಡದಲ್ಲಿ ಬದುಕುವವರನ್ನು ನೋಡುವ ಕೆಲಸ ನಮ್ಮ ಮಕ್ಕಳಿಗೇ ಉಳಿದಿದೆ. ಅದೇ ಪ್ರದರ್ಶನದಲ್ಲಿ ರಾಮನಗರದ ಹುಡುಗನೊಬ್ಬ ರಾಮದೇವರಬೆಟ್ಟದ ರಣಹದ್ದುಗಳ ಚಿತ್ರಗಳನ್ನು ಇಟ್ಟಿದ್ದ. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಧಾಮವೆಂದು ಘೋಷಿಸಲಾಯಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವುನಿವಾರಕವು ಸತ್ತ ಪ್ರಾಣಿಯ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಳ್ಳಿತು. 2006ರಲ್ಲಿ ಪಶುಗಳಿಗೆ ಆ ಔಷಧಿಯ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಯಿತು. ಗೂಡಿನ ಹತ್ತಿರ ಸುಳಿಯದೆ, ಹಕ್ಕಿಗೆ ತೊಂದರೆಯಾಗದಂತೆ ದೂರದಲ್ಲಿ ನಿಂತು, ಹಲವು ಮುಂಜಾನೆಗಳನ್ನು ಕಳೆದು ಆತ ತೆಗೆದ ಚಿತ್ರಗಳು ಕೇವಲ ಸುಂದರ ಚಿತ್ರಗಳಲ್ಲ. ಮುಂದಿನವರಿಗೆ ಅವು ದಾಖಲೆಗಳು.

ಛಾಯಾಗ್ರಾಹಕನ ಕಣ್ಣು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಬದುಕೇ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬಿನ ನಿರ್ಮೂಲನ ಕಾರ್ಯವನ್ನೂ, ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನೂ ಅವರು ಸೆರೆಹಿಡಿದರು. 1977ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು. ಅವರ ಕ್ಯಾಮೆರಾ ಸಾಮಾನ್ಯರ ಬದುಕಿನ ಸಾಮಾನ್ಯ ಗಳಿಗೆಗಳಲ್ಲಿ ಘನತೆಯನ್ನು ಕಂಡಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ನಾಲ್ಕು ಮಾತು ಹೇಳಿದರೆ ಕೃತಕ ಬುದ್ಧಿಮತ್ತೆಯ ಯಂತ್ರವೂ ಚಿತ್ರ ಮಾಡಿಕೊಡುತ್ತದೆ. ಆದರೆ ಬೆಲೆ ಕುಸಿದ ದಿನ ಅಪ್ಪನ ಮುಖವನ್ನು ನೋಡಿದ್ದು ಯಂತ್ರವಲ್ಲ, ಮಗಳು.

ಹೆತ್ತವರ ಆತಂಕ ನನಗೆ ತಿಳಿಯದ್ದೇನಲ್ಲ. ಬಣ್ಣ, ಕ್ಯಾನ್ವಾಸು, ಮುದ್ರಣ, ಚೌಕಟ್ಟು ಎಲ್ಲಕ್ಕೂ ಹಣ ಬೇಕು. ಓದು ಮುಗಿದ ಕೂಡಲೇ ಸಂಬಳ ಬಂದೀತೆಂಬ ಖಾತರಿಯಿಲ್ಲ. ಜಾಹೀರಾತು, ಪ್ರಕಾಶನ, ಪತ್ರಿಕೋದ್ಯಮ, ಆನಿಮೇಷನ್, ವಸ್ತ್ರವಿನ್ಯಾಸ, ಶಾಲಾಶಿಕ್ಷಣ ಮುಂತಾದ ದಾರಿಗಳು ಇರುವುದು ನಿಜವಾದರೂ ಮೊದಲ ಕೆಲವು ವರ್ಷಗಳು ಕಷ್ಟದವು. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಆ ಮಕ್ಕಳಿಗೇ ಅನ್ಯಾಯ ಮಾಡಿದಂತಾಗುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ದೇವಾಲಯದ ಗೋದಲಿಗೆ ಹಿನ್ನೆಲೆಯ ಪರದೆಯನ್ನು ಬರೆಯುತ್ತಿದ್ದ ಹುಡುಗನೊಬ್ಬನಿದ್ದ. ಚಿತ್ರಕಲಾ ಶಾಲೆಗೆ ಸೇರುವ ಆಸೆ ಅವನಿಗಿತ್ತು. ಹೆತ್ತವರು ನನ್ನ ಅಭಿಪ್ರಾಯ ಕೇಳಿದರು. 'ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?' ಎಂದೆ. ಗುರುಗಳೇ ಹೇಳಿದ ಮೇಲೆ ಮಾತು ಮುಗಿಯಿತು. ಅವನು ಬೇರೆ ಓದಿದ. ಈಗ ಒಳ್ಳೆಯ ನೌಕರಿಯಲ್ಲಿದ್ದಾನೆ. ಕಳೆದ ವರ್ಷ ಅವನ ಮನೆಯನ್ನು ಆಶೀರ್ವದಿಸಲು ಹೋದಾಗ, 'ಈಗಲೂ ಚಿತ್ರ ಬರೆಯುತ್ತೀಯಾ?' ಎಂದು ಕೇಳಿದೆ. 'ಇಲ್ಲ ಸ್ವಾಮಿ, ಕೈ ಬರೋದಿಲ್ಲ ಈಗ' ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಅವನು ದೊಡ್ಡ ಕಲಾವಿದನಾಗುತ್ತಿದ್ದನೋ ಇಲ್ಲವೋ ಹೇಳಲಾರೆ. ಆದರೆ ಅವನು ಬರೆದದ್ದನ್ನು ಒಮ್ಮೆಯೂ ಸಾವಧಾನವಾಗಿ ನೋಡದೆ ನಾನು ತೀರ್ಪು ಕೊಟ್ಟಿದ್ದೆ.

ನೋಡದೆ ತೀರ್ಪು ಕೊಡುವುದು ನಮ್ಮ ಸಮುದಾಯಕ್ಕೆ ಹೊಸದೂ ಅಲ್ಲ. ಗೋವೆಯ ಏಂಜೆಲೊ ದ ಫೊನ್ಸೆಕಾ (1902–1967) ವೈದ್ಯಶಿಕ್ಷಣವನ್ನು ಬಿಟ್ಟು ಕಲೆಯನ್ನು ಅರಸಿ ಶಾಂತಿನಿಕೇತನದವರೆಗೂ ಹೋದವರು. ಮಾತೆ ಮರಿಯಮ್ಮನವರನ್ನು ಸೀರೆಯುಟ್ಟ ಭಾರತೀಯ ತಾಯಿಯಾಗಿ ಚಿತ್ರಿಸಿದ್ದಕ್ಕೆ ಸ್ವಂತ ಜನರಿಂದಲೇ ಟೀಕೆಗೆ ಗುರಿಯಾಗಿ ಅವರು ಊರು ಬಿಡಬೇಕಾಯಿತು. ಪುಣೆಯ ಆಶ್ರಮವೊಂದು ಅವರಿಗೆ ನೆಲೆ ನೀಡಿತು. ಇಂದು ಅದೇ ಚಿತ್ರಗಳನ್ನು ಭಾರತೀಯ ಕ್ರೈಸ್ತ ಕಲೆಯ ಹೆಮ್ಮೆಯೆಂದು ಸ್ಮರಿಸುತ್ತೇವೆ. ಯಾವ ಒಂದು ಕಾಲದ ಶೈಲಿಯೂ ಧರ್ಮಸಭೆಯ ಸ್ವಂತ ಸೊತ್ತಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಾರಿತು. ಜಗದ್ಗುರು ಎರಡನೇ ಜಾನ್ ಪಾಲರು 1999ರ ಪಾಸ್ಕ ಹಬ್ಬದಂದು ಕಲಾವಿದರಿಗೆಂದೇ ಪತ್ರವೊಂದನ್ನು ಬರೆದರು. ಕಲಿಸುವ ಮಾತಿಗೆ ಕೊರತೆಯಿಲ್ಲ. ಕೊರತೆಯಿರುವುದು ನಮ್ಮ ನಡೆಯಲ್ಲಿ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಮೊದಲನೆಯದಾಗಿ, ನಮ್ಮ ಧರ್ಮಕೇಂದ್ರದ ಮಗುವಿನ ಪ್ರದರ್ಶನವಿದ್ದರೆ ಕುಟುಂಬ ಸಮೇತರಾಗಿ ಹೋಗಿ ನೋಡೋಣ. ಅರ್ಥವಾಗದಿದ್ದರೆ ಕೇಳೋಣ, ಉತ್ತರಿಸಲು ಆ ಮಕ್ಕಳು ಕಾತರರಾಗಿರುತ್ತಾರೆ. ಎರಡನೆಯದಾಗಿ, ಹಬ್ಬದ ವಾರದಲ್ಲಿ ದೇವಾಲಯದ ಸಭಾಂಗಣದ ಗೋಡೆಯನ್ನು ಅವರಿಗೆ ಬಿಟ್ಟುಕೊಡೋಣ. ಧರ್ಮಭೇದವಿಲ್ಲದೆ ನೆರೆಹೊರೆಯ ಮಕ್ಕಳ ಕೃತಿಗಳಿಗೂ ಅಲ್ಲಿ ಜಾಗವಿರಲಿ. ಮೂರನೆಯದಾಗಿ, ಮೊದಲ ಪರಮಪ್ರಸಾದಕ್ಕೋ ಮದುವೆಗೋ ಛಾಯಾಗ್ರಹಣದ ವಿದ್ಯಾರ್ಥಿಯನ್ನು ಕರೆದು ದಿನವಿಡೀ ದುಡಿಸಿಕೊಂಡು, 'ನಮ್ಮ ಹುಡುಗನೇ ಅಲ್ಲವೇ' ಎಂದು ಬರಿಗೈಯಲ್ಲಿ ಕಳುಹಿಸುವುದನ್ನು ನಿಲ್ಲಿಸೋಣ. ನಮ್ಮ ಹುಡುಗ ಎಂಬ ಕಾರಣಕ್ಕೇ ಅವನ ಕೂಲಿಯನ್ನು ಮೊದಲು ಕೊಡಬೇಕು. ನಾಲ್ಕನೆಯದಾಗಿ, ಹೊಸ ದೇವಾಲಯಕ್ಕೆ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳು ಬೇಕಾದಾಗ, ಒಂದೇ ಅಚ್ಚಿನಲ್ಲಿ ಎರಕಹೊಯ್ದವನ್ನು ಅಂಗಡಿಯಿಂದ ತರುವ ಮುನ್ನ ನಮ್ಮ ಮಕ್ಕಳನ್ನೊಮ್ಮೆ ಕೇಳೋಣ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಊರವರೇ ಬಣ್ಣ ಹಚ್ಚಿಕೊಂಡು ಯೇಸುಸ್ವಾಮಿಯ ಪಾಡುಗಳ ನಾಟಕವನ್ನು ಆಡುತ್ತ ಬಂದಿಲ್ಲವೇ? ನಮ್ಮವರ ಮುಖ, ನಮ್ಮವರ ಕೈ ಆ ಪಾಡುಗಳಿಗೆ ಹೊಂದುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ವರ್ಷ ವ್ಯಾಸಂಗ ಮುಗಿಸಿದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಎಲ್ಲ ಕಲಾವಿದ್ಯಾರ್ಥಿಗಳಿಗೆ ಈ ಅಂಕಣದ ಹೃತ್ಪೂರ್ವಕ ಅಭಿನಂದನೆಗಳು. ನಿಮಗೆ ಬಹುಮಾನ ಬಂದಿರಲಿ, ಬಾರದಿರಲಿ, ನಾಲ್ಕು ವರ್ಷ ನೋಡುವುದನ್ನು ಕಲಿತಿದ್ದೀರಿ. ಕಲಿತ ಕಣ್ಣನ್ನು ಮುಚ್ಚಬೇಡಿ.

ಆ ರೇಷ್ಮೆ ಬೆಳೆಗಾರರ ಮನೆಗೆ ಮೊನ್ನೆ ಹೋಗಿದ್ದೆ. ಪ್ರದರ್ಶನ ಮುಗಿದ ಮೇಲೆ ಮಗಳು ಹನ್ನೆರಡು ಚಿತ್ರಗಳನ್ನೂ ಮನೆಗೆ ತಂದಿದ್ದಳು. ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ತಾಯಿಯ ಕೈಗಳ ಚಿತ್ರವಿತ್ತು. ಅದರ ಕೆಳಗೆ, ಖಾಲಿ ಚೀಲದ ಮೇಲೆ ತಂದೆ ಕುಳಿತಿದ್ದ ಚಿತ್ರ. ಮೊಳೆ ಹೊಡೆದು ಅದನ್ನು ತೂಗುಹಾಕಿದ್ದು ಆ ತಂದೆಯೇ ಎಂದು ಮನೆಯವರು ಹೇಳಿದರು.