ರಾತ್ರಿ ಫೋನಿಗೂ ಪಾಳಿ ಇರ್ಲಿ

ವಕೀಲಿ ಅಂದ್ರ ಸ್ವಂತ ಉದ್ಯೋಗ, ಹೊತ್ತೆಲ್ಲಾ ಅವರ ಕೈಯಾಗ ಅಂತ ಭಾಳ ಮಂದಿ ಅಂತಾರ. ಕ್ರಿಮಿನಲ್ ಕೇಸು ನಡಸೋರಿಗೆ ಈ ಮಾತು ಹೊಂದೂದಿಲ್ರಿ. ನನ್ನ ಸೊಸಿ ಧಾರವಾಡದಾಗ ಐದೇ ಮಂದಿ ವಕೀಲರಿರೋ ಆಫೀಸಿನ್ಯಾಗ ಆರೋಪಿಗಳ ಪರ ಕೆಲಸ ಮಾಡ್ತಾಳ. ದಿನಾ ನೋಡೂದರಿಂದ ಹೇಳ್ತೀನಿ.

ಪೊಲೀಸರು ಯಾರನ್ನರ ಹಿಡಿದ್ರ, ದಾರಿ ಹೊತ್ತು ಬಿಟ್ಟು 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿಯೊಳಗ ಹಂಗ ಅದ. ಹಿಡಿಯೋದು ನಡುರಾತ್ರಿನೂ ಆಗಬಹುದು, ಹಬ್ಬದ ದಿನಾನೂ ಆಗಬಹುದು. ಆವಾಗ ವಕೀಲರು ‘ನಾಳೆ ಬರ್ರಿ’ ಅನ್ನಾಕ ಬರೂದಿಲ್ಲ.

ಯಾರರ ಒಬ್ಬರು ಹೋಗಲೇಬೇಕು, ಖರೇ. ಆದ್ರ ದಿನಾ ಅವರೇ ಯಾಕ? ಒಂದು ವಕಾಲತ್ತಿನ್ಯಾಗ ಇಬ್ಬರು ಮೂವರ ಹೆಸರು ಹಾಕಬಹುದು. ವಾರಕ್ಕೊಬ್ಬರು ರಾತ್ರಿ ಫೋನ್ ಎತ್ತೋ ಪಾಳಿ ಮಾಡ್ಕೊಳ್ಳಿ. ರಾತ್ರಿ ಠಾಣೆಗೆ ಹೋಗಿ ಬಂದವರಿಗೆ ಮರುದಿನ ಮಧ್ಯಾಹ್ನದ ಮಟ ಬಿಡುವು ಕೊಡ್ಲಿ. ಪಾಟೀಸವಾಲಿಗೆ ಕೋರ್ಟಿನ್ಯಾಗ ನಿಲ್ಲಬೇಕು, ಸಾಕ್ಷಿ ಮಾರಿ ನೋಡಬೇಕು. ಚಾರ್ಜ್‌ಶೀಟ್ ಓದೋದು, ಜಾಮೀನು ಅರ್ಜಿ ಬರಿಯೋದು ಮನ್ಯಾಗ ಕೂತೂ ಆಗ್ತದ.

‘ಜೈಲಿನ್ಯಾಗ ಇದ್ದಂವಗ ಗುರ್ತಿನ ಮಾರಿನ ಬೇಕಾಗ್ತದ’ ಅಂತ ಹಿರಿಯ ವಕೀಲರು ಅಂತಾರ. ಅದೂ ಸುಳ್ಳಲ್ಲ. ಹಂಗಂತ ಮೊದಲಿಂದನ ಇಬ್ಬರು ಹೋಗಿ ಮಾತಾಡಿಸಿ ಬರ್ಲಿ, ಫೈಲಿನ್ಯಾಗ ಎಲ್ಲಾ ಬರದಿಡ್ಲಿ. 60 ಇಲ್ಲಾ 90 ದಿನದಾಗ ಚಾರ್ಜ್‌ಶೀಟ್ ಬರಲಿಲ್ಲಂದ್ರ ಆರೋಪಿಗೆ ಜಾಮೀನಿನ ಹಕ್ಕು ಬರ್ತದ. ಆದ್ರ ಚಾರ್ಜ್‌ಶೀಟ್ ಬರೋದ್ರೊಳಗ ಅರ್ಜಿ ಹಾಕಿರಬೇಕು. ನಿದ್ದಿಗೆಟ್ಟ ವಕೀಲರು ಆ ಒಂದು ದಿನ ಮರೆತ್ರ ಜೈಲಿನ್ಯಾಗ ಉಳಿಯೋದು ಯಾರದೋ ಮನಿ ಮಗ.

2017ರಾಗ ಹೆರಿಗಿ ರಜಾ 26 ವಾರ ಮಾಡಿದ್ರು. ಅದು ಹತ್ತು ಮಂದಿ ನೌಕರರಾದ್ರೂ ಇದ್ದ ಕಡೆ. ಇಂಥಾ ಸಣ್ಣ ಆಫೀಸಿನ ವಕೀಲರಿಗೆ ಅದು ತಾಕೂದಿಲ್ಲ. ಅಲ್ಲಿ ಹಿರಿಯರ ಮನಸ್ಸ ಕಾಯ್ದೆ.

ಇನ್ನೊಂದು ಮಾತು. ಈ ಸವಲತ್ತು ಹೆಣ್ಮಕ್ಕಳಿಗಷ್ಟ ಕೊಟ್ರ, ‘ನೀ ಮನ್ಯಾಗ ಕೂತು ಅರ್ಜಿ ಬರಿ, ವಾದ ಅಂವ ಮಾಡ್ತಾನ’ ಅಂತ ಶುರು ಆಗ್ತದ. ಗಂಡಸರಿಗೂ ಪಾಳಿ, ಗಂಡಸರಿಗೂ ಬಿಡುವು ಇರ್ಲಿ.

ನಮ್ಮ ಪಾಲಿಂದೂ ಅದ ಅಕ್ಕಾರ. ‘ಇಷ್ಟೊತ್ತಿನ್ಯಾಗ ಠಾಣೆಗ್ಯಾಕ?’ ಅನ್ನೋದು ಬಿಡೂಣು. ಅಕಿ ಪಾಳಿ ವಾರದಾಗ ರಾತ್ರಿ ಕೂಸಿನ್ನ ಯಾರು ನೋಡ್ಕೋಬೇಕು ಅಂತ ಮನಿ ಮಂದಿ, ಮಗನ್ನೂ ಕೂಡಿಸ್ಕೊಂಡು, ಮೊದಲ ಮಾತಾಡಿಟ್ಕೊಳ್ಳೂಣು.