ಮೂರು ಒಂಬತ್ತರ ಮುಂದೆ ಮೂರು ಹತ್ತು

3.10 ದೊಡ್ಡದೋ, 3.9 ದೊಡ್ಡದೋ? ಗಣಿತದ ಮೇಷ್ಟ್ರನ್ನು ಕೇಳಿದರೆ 3.9 ಎಂದಾರು. ಲಿನಕ್ಸ್ ಬರೆಯುವವರನ್ನು ಕೇಳಿದರೆ 3.10 ಎನ್ನುತ್ತಾರೆ. 2013ರ ಏಪ್ರಿಲಿನಲ್ಲಿ 3.9 ಹೊರಬಂದಿತು, ಜೂನಿನಲ್ಲಿ 3.10. ಇಬ್ಬರೂ ಸುಳ್ಳಾಡಲಿಲ್ಲ. ಆವೃತ್ತಿಯ ಸಂಖ್ಯೆಯಲ್ಲಿನ ಚುಕ್ಕೆ ದಶಾಂಶದ್ದಲ್ಲ. ಎರಡು ಎಣಿಕೆಗಳ ನಡುವೆ ಎಳೆದ ಗೆರೆ, ಅಷ್ಟೆ.

ಗಣಕದ ಯಂತ್ರಭಾಗಗಳನ್ನೆಲ್ಲ ಆಳುವ ತಿರುಳು ಲಿನಕ್ಸ್. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಆಂಡ್ರಾಯ್ಡ್ ಫೋನಿನೊಳಗಿರುವುದೂ ಅದೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದಕ್ಕೆ 0.01 ಎಂಬ ವಿನಯದ ಸಂಖ್ಯೆಯನ್ನಿತ್ತರು. ಮರುವರ್ಷದ ಜನವರಿಗೆ ಅದು 0.12 ಆಯಿತು. ಕೆಲಸ ಮುಗಿಯುತ್ತ ಬಂದಿತೆಂಬ ಉತ್ಸಾಹದಲ್ಲಿ ಮುಂದಿನದನ್ನು ಒಮ್ಮೆಗೇ 0.95 ಎಂದು ಕರೆದರು. ಮದುವೆಮನೆಯಲ್ಲಿ ‘ಇನ್ನೇನು ಎಲೆ ಹಾಕುತ್ತಾರೆ’ ಎಂದ ಮೇಲೆ ಕಾದು ಕೂತ ಅನುಭವ ಓದುಗರಿಗೆ ಉಂಟಷ್ಟೆ? ಹಾಗೆಯೇ ಆಯಿತು. 0.99 ತಲುಪಿದ ಮೇಲೆ ಮುಂದೆ ಜಾಗವಿಲ್ಲದೆ, ಬಾಲಕ್ಕೆ ತೇಪೆಯ ಸಂಖ್ಯೆ ಅಂಟಿಸಿದರು. ಅದೂ ಸಾಲದೆ ಅಕ್ಷರಗಳನ್ನು ಸೇರಿಸಿದರು. 1.0 ಬಂದದ್ದು 1994ರ ಮಾರ್ಚಿನಲ್ಲಿ!

ಅನಂತರ ಒಂದು ಸೊಗಸಾದ ಏರ್ಪಾಡಾಯಿತು. ಎರಡನೆಯ ಅಂಕಿ ಸಮವಾಗಿದ್ದರೆ ನಂಬಿ ಬಳಸಬಹುದು. ಬೆಸವಾಗಿದ್ದರೆ ಅದು ಪ್ರಯೋಗದ್ದು. ಆದರೆ 2001ರ ಜನವರಿಯ 2.4ರ ಮುಂದಿನ ನಂಬುಗೆಯ ಆವೃತ್ತಿಯಾದ 2.6ಕ್ಕೆ 2003ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಅಷ್ಟು ತಾಳ್ಮೆ ಯಾರಿಗಿದೆ? ಸಮ-ಬೆಸದ ನಿಯಮವನ್ನು ಕೈಬಿಟ್ಟರು. ಈಗ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡುತ್ತದೆ.

2.6.39ರವರೆಗೆ ಬೆಳೆದ ಮೇಲೆ, 2011ರಲ್ಲಿ, ಸಂಖ್ಯೆ ತೀರ ಉದ್ದವಾಯಿತೆಂದು ಮುಂದಿನದಕ್ಕೆ 3.0 ಎಂದು ಹೆಸರಿಟ್ಟರು. ಒಳಗೆ ಮಹಾಪರಿವರ್ತನೆಯೇನೂ ಆಗಿರಲಿಲ್ಲ. ಆದರೂ 2.6 ಎಂಬುದನ್ನೇ ನಿರೀಕ್ಷಿಸುತ್ತಿದ್ದ ಕೆಲವು ಹಳೆಯ ಪ್ರೋಗ್ರಾಮುಗಳು ತಬ್ಬಿಬ್ಬಾದವು. ಅವು ಕೇಳಿದಾಗ ‘ನಾನು 2.6.40’ ಎಂದು ಉತ್ತರಿಸುವ ಉಪಾಯವನ್ನೂ ಹೂಡಬೇಕಾಯಿತು! 2015ರಲ್ಲಿ 4.0, 2019ರಲ್ಲಿ 5.0, 2022ರಲ್ಲಿ 6.0 ಬಂದುದೂ, ಎರಡನೆಯ ಎಣಿಕೆ ಇಪ್ಪತ್ತರ ಹತ್ತಿರ ಬಂದಿತೆಂಬ ಕಾರಣದಿಂದಲೇ.

ಆದುದರಿಂದ ಮೊದಲ ಅಂಕಿಯನ್ನು ಕಂಡು ಬೆರಗಾಗಬೇಕಿಲ್ಲ. ಗೃಹಸ್ಥರು ಗೌರವಿಸಬೇಕಾದುದು ಕೊನೆಯ ಪುಟ್ಟ ಅಂಕಿಯನ್ನು. 6.1.1, 6.1.2 ಎಂದು ಏರುವ ಆ ಅಂಕಿ, ಕಂಡುಬಂದ ದೋಷಗಳನ್ನು ತಿದ್ದಿದ, ಕಳ್ಳರು ನುಸುಳಬಹುದಾದ ಬಿರುಕುಗಳನ್ನು ಮುಚ್ಚಿದ ಲೆಕ್ಕ. ಆರಿಸಿದ ಕೆಲವು ಆವೃತ್ತಿಗಳಿಗೆ ಈ ಉಪಚಾರ ವರ್ಷಗಟ್ಟಲೆ ನಡೆಯುತ್ತದೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಿದ ಹಳೆಯ ಮನೆ ಸೋರುವುದಿಲ್ಲ. ಅಗುಳಿಯಿಲ್ಲದ ಹೊಸ ಮನೆಯಲ್ಲಿ ನಿದ್ದೆ ಬಾರದು.

‘ತಿದ್ದುಪಡಿ ಬಂದಿದೆ, ಹಾಕಿಕೊಳ್ಳಲೆ?’ ಎಂದು ಫೋನು ಕೇಳಿದಾಗ ‘ನಾಳೆ ನೋಡೋಣ’ ಎನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದರೊಳಗೆ ಇಂಥ ತೇಪೆಗಳೇ ಇರುವುದುಂಟೆಂದು ತಿಳಿದ ಮೇಲೆ, ಈಗ ರಾತ್ರಿ ಬಾಗಿಲ ಅಗುಳಿ ಹಾಕುವಾಗಲೇ ಅದಕ್ಕೂ ‘ಆಗಲಿ’ ಎನ್ನುತ್ತೇನೆ.